ಮುಂದಿನ ಸಾಲಿನ ವಿಜಯಶ್ರೀ ಕಾಕೂ

ಮಹಾರಾಷ್ಟ್ರದ ಗಡಿಯೂರು ಉದಗೀರಿನಲ್ಲಿ ಎಂಥ ಸಣ್ಣ ನಾಟಕವಿದ್ದರೂ ವಿಜಯಶ್ರೀ ಕಾಕೂ ಎಲ್ಲರಿಗಿಂತ ಮುಂದೆ ಜಮಖಾನೆಯ ಮೇಲೆ ಕೂತು, ಮರಾಠಿ ಪಾತ್ರಗಳಿಗೆ ಕನ್ನಡದಲ್ಲಿ ಜವಾಬು ಕೊಡುತ್ತಾರೆ. ರಾಜ ದಾರಿ ತಪ್ಪಿದರೆ "ಏ ಖುಳಾ, ಆ ಮಂತ್ರಿ ಮಾತ ಕೇಳಬ್ಯಾಡ" ಎನ್ನುತ್ತಾರೆ. ನಾಯಕಿ ಅತ್ತರೆ ಸೆರಗಿನ ಗಂಟು ಬಿಚ್ಚಿ ಅಡಿಕೆ ಚೂರು ಚಾಚುತ್ತಾರೆ. ಕಾಕೂ ಬಾಯಿ ಹಾಕದ ನಾಟಕ ಬಿದ್ದುಹೋದಂತೆಯೇ ಎಂದು ನಟರೇ ನಂಬಿದ್ದಾರೆ. ಮೊನ್ನೆ ಗುಲಾಮಗಿರಿಯ ನಾಟಕವಿತ್ತು. ಸಂತೆಯ ಹರಾಜಿನಲ್ಲಿ ಹೆಣ್ಣೊಬ್ಬಳನ್ನು ಕೊಂಡ ಧಣಿ, "ಇಂದಿನಿಂದ ನಿನ್ನ ಹೆಸರು ಮೋತಿ" ಎಂದಾಗ ಜನರೆಲ್ಲ "ಥೂ" ಎಂದರು. ಕಾಕೂ ಮಾತ್ರ ಸೆರಗಿನ ಗಂಟು ಬಿಗಿದುಕೊಂಡರು. ಕೊನೆಗೆ ಗುಲಾಮಗಿರಿ ರದ್ದಾಯಿತೆಂದು ಡಂಗುರ ಸಾರಿದಾಗ ಸೀಟಿ, ಚಪ್ಪಾಳೆಗಳು ಬಿದ್ದವು. ಆಗ ಕಾಕೂ ಎದ್ದು ನಿಂತು ಆ ಹೆಣ್ಣನ್ನು ಕೇಳಿದರು: "ಬಿಡುಗಡಿ ಆತಲ್ಲವ್ವಾ, ಇನ್ನರೆ ಹೇಳು, ನಿಮ್ಮವ್ವ ಇಟ್ಟ ಹೆಸರೇನು?" ಬರೆದ ನಾಟಕದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಪಾತ್ರ ಮಾಡಿದ್ದ ರೂಪಾಲಿ ತಡವರಿಸಿ, "ನಿಮ್ಮದೇನ್ರೀ ಕಾಕೂ?" ಎಂದಳು. ವಿಜಯಶ್ರೀ ಎಂಬುದು ನಲವತ್ತು ವರ್ಷದ ಹಿಂದೆ, ಮದುವೆಯ ದಿನ, ಅತ್ತೆಮನೆಯವರು ಅಕ್ಕಿಯ ತಟ್ಟೆಯಲ್ಲಿ ಬರೆದು ಇಟ್ಟ ಹೆಸರು. ಕಾಕೂ ಸೆರಗು ಸರಿಮಾಡಿಕೊಂಡು, ಕಡೆಯ ಸಾಲಿಗೂ ಕೇಳುವಂತೆ ಹೇಳಿದರು: "ಗುರುಬಾಯಿ."