ಅವಳ ಬಾಯಲ್ಲಿ ನನ್ನ ಗಂಡನ ಹೆಸರು

ನಮ್ಮ ಯಜಮಾನರ ಪಾದದ ಗಾಯದ ಕೀವು ಮೂಳೆಗೆ ಇಳಿದಿತ್ತು. ದಿನಾ ನರದ ಮೂಲಕ ಔಷಧ ಹೋಗದಿದ್ದರೆ ಕಾಲು ಉಳಿಯುವುದಿಲ್ಲ ಎಂದರು ಹಾಸನದ ಡಾಕ್ಟರು. ಅದಕ್ಕಾಗಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ಮನೆಗೇ ನರ್ಸ್ ಬಂದು ಡ್ರಿಪ್ ಹಾಕುತ್ತಾರೆ ಎಂದಾಗ ಕೈ ಮುಗಿದವಳು ನಾನೇ. ಹಾಳಾದ್ದು, ಆಮೇಲೆ ಹೊಟ್ಟೆ ಉರಿದುಕೊಂಡವಳೂ ನಾನೇ.

ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಶಾಂತಿಗ್ರಾಮದ ನಮ್ಮ ಮನೆ ಮುಂದೆ ಆ ನರ್ಸಮ್ಮನ ಸ್ಕೂಟರ್ ನಿಂತಿರುತ್ತಿತ್ತು. ಕೈ ತೊಳೆದು, ಬಾಟಲಿಯ ಮೇಲಿನ ಚೀಟಿ ನೋಡಿ, ಇವರ ಹೆಸರು ಹಿಡಿದು ಕೂಗಿ, "ನೀವೇ ಅಲ್ವಾ?" ಎಂದು ಕೇಳುವಳು. ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗಬಾರದಂತೆ, ಅದಕ್ಕೆ ಹಾಗೆ ಕೇಳಲೇಬೇಕಂತೆ. ಇರಲಿ. ಆದರೆ ಹೆಸರು! ಅತ್ತೆ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅದನ್ನು ಯಾರೂ ಕೂಗಿರಲಿಲ್ಲ. ಗಂಡನ ಹೆಸರು ಹೇಳಬಾರದೆಂದು ಬೆಳೆದ ನಾನು, ಬ್ಯಾಂಕಿನವರು ಕೇಳಿದರೂ ಆಧಾರ್ ಕಾರ್ಡು ಮುಂದೆ ತಳ್ಳುವವಳು. ಈಕೆ ಕೂಗಿದ ಕೂಡಲೇ ಇವರು ಹಾಜರಿ ಹೇಳುವ ಶಾಲೆ ಹುಡುಗನ ಹಾಗೆ, "ಊಂ ಸಿಸ್ಟರ್, ನಾನೇ" ಎಂದು ಹಲ್ಲು ಕಿರಿಯುವರು.

"ನಾನು ಕರುದ್ರೆ ಒಂದಿನಾನಾದ್ರೂ ಅಂಗೆ ಓಗೊಟ್ಟಿದ್ದೀರಾ?" ಎಂದು ಆಕೆ ಹೋದ ಮೇಲೆ ಜಗಳ ತೆಗೆದೆ.

"ನೀನು ಯಾವತ್ತೇ ಕರ್ದಿದ್ದೆ? ಬರೀ ರೀ ಅಂತೀಯ. ಅದುಕ್ಕೆ ಬೀದಿಲಿರೋ ಗಂಡಸ್ರೆಲ್ಲ ತಿರುಗ್ತಾರೆ ಕಣೆ."

ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಆಕೆಯ ಕಾಫಿಗೆ ಸಕ್ಕರೆಯನ್ನೇ ಹಾಕಲಿಲ್ಲ. "ಚೆನ್ನಾಗಿದೆ ಅಕ್ಕ" ಎಂದು ಕುಡಿದಳು, ಮಾಯಗಾತಿ.

ಅದಾಗಿ ಒಂದು ಬೆಳಿಗ್ಗೆ ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ಇವರ ಮೈಮೇಲೆ ದದ್ದು ಎದ್ದವು, ಉಸಿರು ಕಟ್ಟಿತು. ಆಕೆ ತಟ್ಟನೆ ಡ್ರಿಪ್ ನಿಲ್ಲಿಸಿ, ಚೀಲದಿಂದ ಬೇರೆ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದಳು. ಆಂಬುಲೆನ್ಸಿಗೆ ಫೋನ್ ಹಚ್ಚುತ್ತಲೇ, "ಅಕ್ಕಾ, ಮಾತಾಡಿಸ್ತಾ ಇರಿ, ಕಣ್ಣು ಮುಚ್ಚೋಕೆ ಬಿಡ್ಬೇಡಿ" ಎಂದಳು.

"ರೀ! ರೀ!" ಎಂದೆ. ಇವರು ಅಲ್ಲಾಡಲಿಲ್ಲ.

"ಹೆಸ್ರಿಡ್ದು ಕೂಗಿ ಅಕ್ಕಾ!"

ಕೂಗಿದೆ. ದೇವರಾಣೆ, ನನ್ನ ಗಂಟಲು ನನ್ನದೇ ಅನ್ನಿಸಲಿಲ್ಲ. ಭುಜ ಹಿಡಿದು ಅಲ್ಲಾಡಿಸುತ್ತ ಮತ್ತೆ ಮತ್ತೆ ಕೂಗಿದೆ, ಪಕ್ಕದ ಮನೆಯವರು ಓಡಿಬರುವ ಹಾಗೆ ಕೂಗಿದೆ. ರೆಪ್ಪೆ ಅಲುಗಿತು. ಇವರು ಅರೆಗಣ್ಣು ಬಿಟ್ಟು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಊಂ ಸಿಸ್ಟರ್, ನಾನೇ" ಎಂದರು.

ಬದುಕಿಕೊಂಡರಲ್ಲಾ ಎಂದು ಜೋರಾಗಿ ಅತ್ತೆ. ಅಳುತ್ತಳುತ್ತಲೇ ಹೊಟ್ಟೆಯನ್ನೂ ಉರಿದುಕೊಂಡೆ.