ಲಿಫ್ಟ್ ಕೋಣೆಯ ರಿಪೀಟರ್

ನಮ್ಮನೆಯವರು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಊರ ಜನರನ್ನು ಮೇಲೆ ಹತ್ತಿಸಿ ಕೆಳಗೆ ಇಳಿಸುತ್ತಾರೆ, ತಮ್ಮ ಮೂಗಿನ ತುದಿಯಲ್ಲಿರುವ ಸಿಟ್ಟನ್ನು ಮಾತ್ರ ಇಳಿಸಲು ಇವರಿಗೆ ಇಂದಿಗೂ ಬಂದಿಲ್ಲ. ನನ್ನದೇನೂ ಕಡಿಮೆಯಿಲ್ಲ. ಇಷ್ಟು ವರ್ಷ ನಾವು ಒಂದೇ ಸೂರಿನಡಿ ಸಂಸಾರ ಮಾಡಿದ್ದಕ್ಕೆ ನಮ್ಮ ಅಡುಗೆಮನೆಯ ನೆಗ್ಗಿದ ಪಾತ್ರೆಗಳೇ ಸಾಕ್ಷಿ.

ಇವರ ಹುಚ್ಚು ಹ್ಯಾಮ್ ರೇಡಿಯೊ, ಹವ್ಯಾಸಿಗಳು ತಂತಿಯಿಲ್ಲದೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೊ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದವರು ಮಾತ್ರ ಅದರಲ್ಲಿ ಮಾತಾಡಬಹುದು. ಸಣ್ಣ ಸೆಟ್ಟಿನ ದನಿ ಬಹಳ ದೂರ ಹೋಗುವುದಿಲ್ಲ, ಅದಕ್ಕೆ ಎತ್ತರದ ಜಾಗದಲ್ಲಿ ರಿಪೀಟರ್ ಎಂಬ ಯಂತ್ರ ಇಡುತ್ತಾರೆ. ಒಬ್ಬರು ಹೇಳಿದ್ದನ್ನು ಕೇಳಿಸಿಕೊಂಡು ಅದನ್ನೇ ಜೋರಾಗಿ ಎಲ್ಲರಿಗೂ ಸಾರುವುದು ಅದರ ಕೆಲಸ. ನಮ್ಮ ಬೀದಿಯಲ್ಲಿ ಇದೇ ಕೆಲಸ ಮಾಡುವ ಹೆಂಗಸರು ಮೂವರಿದ್ದಾರೆ, ಅವರಿಗೆ ಕರೆಂಟೂ ಬೇಡ.

ತಾವು ನೋಡಿಕೊಳ್ಳುವ ಎತ್ತರದ ಕಟ್ಟಡವೊಂದರ ಮಾಲೀಕನ ಕೈಕಾಲು ಹಿಡಿದು, ತುತ್ತತುದಿಯಲ್ಲಿ ಲಿಫ್ಟಿನ ಮೋಟಾರು ಇರುವ ಕೋಣೆಯಲ್ಲಿ ಇವರು ರಿಪೀಟರಿಗೆ ಒಂದು ಮೂಲೆ ಗಿಟ್ಟಿಸಿದ್ದರು. ಅದು ಯಾವಾಗ ಬಾಯಿ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವ ಕಂಟ್ರೋಲರನ್ನು ಹಳೆಯ ಲಿಫ್ಟುಗಳ ರಿಲೇ ಎಂಬ ಸ್ವಿಚ್ಚುಗಳನ್ನು ಕಿತ್ತು ತಾವೇ ವೈರಿಂಗ್ ಮಾಡಿದ್ದರು. ಮೊದಮೊದಲು ಲಿಫ್ಟ್ ಹೊರಟಾಗಲೆಲ್ಲ ರಿಪೀಟರಿನಲ್ಲೂ ಕಟಕಟ ಸದ್ದು ಬರುತ್ತಿತ್ತು. ಒಂದೊಂದೇ ತಂತಿ ಬಿಚ್ಚಿ, ಕವಚ ಹಾಕಿ, ಅರ್ಥಿಂಗ್ ಬೇರೆ ಎಳೆದು ಅದನ್ನು ತೆಪ್ಪಗಾಗಿಸಿದರು. ಆ ಕೆಲಸದಲ್ಲಿ ಇವರ ತಾಳ್ಮೆ ನೋಡಬೇಕು. ಅದರಲ್ಲಿ ಒಂದು ಚಿಟಿಕೆ ಮನೆಗೆ ತಂದಿದ್ದರೆ ನನಗೆ ಈ ಕಥೆ ಹೇಳುವ ಗತಿ ಬರುತ್ತಿರಲಿಲ್ಲ.

ರೇಡಿಯೊದಲ್ಲಿ ಇವರದೊಂದು ಕಟ್ಟುನಿಟ್ಟು. ಯಾರಾದರೂ ‘ಇನ್ನೊಂದು ಸಲ ಹೇಳಿ’ ಎಂದರೆ ಗೊಣಗದೆ, ಒಂದಕ್ಷರ ಬಿಡದೆ ಮತ್ತೆ ಹೇಳಬೇಕು. ಹೊಸಬರಿಗೆಲ್ಲ ಇದೇ ಮೊದಲ ಪಾಠ. ಮನೆಯಲ್ಲಿ ನಾನು ಎರಡನೇ ಸಲ ಕೇಳಿದರೆ ಮಾತ್ರ, ಕಿವಿ ಕೆಪ್ಪೇ ಎಂದು ಎದ್ದು ಹೋಗುತ್ತಾರೆ.

ಇವರಿಗೆ ಈ ಹುಚ್ಚು ಹಿಡಿಸಿದವನು ನನ್ನ ಅಣ್ಣ. ಗಡಿಯಾರ ರಿಪೇರಿಯವನು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿದ ಮೇಲೆ ಅಂಗಡಿ ಮುಚ್ಚಿ ಮನೆ ಹಿಡಿದ. ಪ್ರತಿ ಸಂಜೆ ರಿಪೀಟರಿನಲ್ಲಿ ಹಾಜರಿ ಕರೆಯುತ್ತಾರೆ. ಒಬ್ಬೊಬ್ಬರಾಗಿ ಬಂದು ‘ಹಾಜರ್’ ಎನ್ನುತ್ತಾರೆ, ಹಾಳುಹರಟೆ ಹೊಡೆಯುತ್ತಾರೆ. ಮೊದಲು ಹಾಜರಿ ಕರೆಯುತ್ತಿದ್ದವನು ಅಣ್ಣನೇ, ಕಣ್ಣು ಹೋದ ಮೇಲೆ ಆ ಕೆಲಸ ಇವರಿಗೆ ಬಂತು. ಆದರೂ ಅಣ್ಣ ಬೆಳಗ್ಗೆ ಎದ್ದಾಗಿನಿಂದ ಕಾಯುತ್ತಿದ್ದುದು ಆ ಒಂದು ಗಂಟೆಗೆ. ಕತ್ತಲೆಯ ಮನೆಯಲ್ಲಿ ಅವನಿಗೆ ಉಳಿದಿದ್ದ ಬೀದಿ ಅದೊಂದೇ.

ಕರೆಂಟು ಹೋದರೂ ಅದು ತಪ್ಪಬಾರದೆಂದು ಇವರೇ ಅಣ್ಣನ ಹಳೆಯ ಸೆಟ್ಟಿಗೆ ಬ್ಯಾಟರಿ ಕೂರಿಸಿದರು. ಬ್ಯಾಟರಿಗೊಂದು ಅಂಗೈಯಗಲದ ಚಾರ್ಜರ್ ತಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಬಂದರು. ಭಾವ ಅಂದರೆ ಹೀಗಿರಬೇಕು ಎಂದು ಅಣ್ಣ ಬಂದವರಿಗೆಲ್ಲ ಹೇಳಿದ. ಇವರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.

ಅದಾದ ಸ್ವಲ್ಪ ದಿನಕ್ಕೆ ರಿಪೀಟರಿಗೆ ಗ್ರಹಚಾರ ಹಿಡಿಯಿತು. ಯಾರೂ ಮಾತಾಡದಿದ್ದರೂ ಬಾಯಿ ತೆರೆದು ಗೊರ್ರ್ ಅನ್ನುವುದು. ಹಾಜರಿಯ ಹೊತ್ತಿಗಂತೂ ಕಾಟ ಜಾಸ್ತಿ. ಇವರು ಲಿಫ್ಟ್ ಕೋಣೆಯಲ್ಲಿ ಕೇಬಲ್ಲು, ರಿಲೇ, ಬೆಸುಗೆ ಎಲ್ಲ ತಡಕಿದರು. ಏನೂ ಸಿಗಲಿಲ್ಲ. ಗಲಾಟೆ ಹೊರಗಿನಿಂದ ಬರುತ್ತಿದೆ ಎಂದು ತೀರ್ಮಾನಿಸಿ, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹುಡುಕಲು ಹೊರಟರು. ನನ್ನ ಕೈಗೆ ಏಣಿಯಂಥದೊಂದು ಅಂಟೆನಾ ಕೊಟ್ಟಿದ್ದರು. ಅದು ಯಾವ ಕಡೆ ತಿರುಗಿದಾಗ ಗೊರ್ರ್ ಜೋರಾಗುತ್ತದೋ ಕಳ್ಳ ಆ ಕಡೆ. ಬೀದಿ ಬೀದಿ ಸುತ್ತಿ, ಬೇಕರಿಯವನ ನಗೆಗೆ ಈಡಾಗಿ, ಕೊನೆಗೆ ನನ್ನ ಕೈಯಾರೆ ನಾನೇ ಅಣ್ಣನ ಮನೆಯನ್ನು ತೋರಿಸಿಕೊಟ್ಟೆ.

ಒಳಗೆ ಹೋಗಿ ಒಂದು ಮಾತು ಕೇಳೋಣ ಎಂದೆ. ಇವರು ಸ್ಕೂಟರ್ ತಿರುಗಿಸಿಬಿಟ್ಟರು.

ಆ ಸಂಜೆ ಊರೆಲ್ಲ ಕೇಳುವ ಹಾಗೆ ಮೈಕಿನಲ್ಲಿ ಹೇಳಿದರು, “ಹಾಜರಿ ಕರೆಯೋ ಕೆಲಸ ಕೈ ತಪ್ಪಿತು ಅಂತ ಹೊಟ್ಟೆಕಿಚ್ಚಿಗೆ ಒಬ್ಬರು ಬಟನ್ ಒತ್ತಿ ಗಲಾಟೆ ಮಾಡ್ತಿದಾರೆ. ನಮ್ಮ ಹತ್ತಿರದ ಸಂಬಂಧಿಕರೇ. ಹೆಸರು ಹೇಳಲ್ಲ.”

ಹೆಸರು ಹೇಳುವುದು ಇನ್ನೇನು ಬಾಕಿಯಿತ್ತು? ಅಣ್ಣನ ದನಿ ಬಂತು, “ನಾನಲ್ಲ ಭಾವ.” ಇವರು, ಮುಂದಿನವರು ಬನ್ನಿ ಎಂದರು.

ಮರುದಿನವೇ ಲಿಫ್ಟ್ ಕೋಣೆಗೆ ಹೋಗಿ ಕಂಟ್ರೋಲರಿನ ವೈರಿಂಗ್ ಬದಲಿಸಿದರು. ಮಾತಿನ ಜೊತೆಗೆ ಒಂದು ಗೊತ್ತಾದ ಸಣ್ಣ ಗುಂಯ್ ದನಿ ಕಳಿಸುವ ಸೆಟ್ಟುಗಳಿಗೆ ಮಾತ್ರ ಇನ್ನು ರಿಪೀಟರ್ ಬಾಯಿ ತೆರೆಯುತ್ತದೆ. ಹೊಸ ಸೆಟ್ಟುಗಳಲ್ಲಿ ಅದು ಇರುತ್ತದೆ, ಅಣ್ಣನ ಹಳೆಯದರಲ್ಲಿ ಇಲ್ಲ. ಒಂದು ಸಣ್ಣ ಬೋರ್ಡ್ ಸೇರಿಸಿದರೆ ಮುಗಿಯಿತು, ಅದು ಇವರ ಡ್ರಾಯರಿನಲ್ಲೇ ಬಿದ್ದಿತ್ತು. ಅದನ್ನು ಹಾಕಿಕೊಡಿ ಎಂದು ಕೇಳಿದ್ದಕ್ಕೆ ನನಗೇ ಬಿತ್ತು ಮಾತಿನ ಏಟು: “ನಿಮ್ಮ ತವರಿನವರ ಬುದ್ಧೀನೇ ಅಷ್ಟು. ಎದುರಿಗೆ ನಗು, ಹಿಂದೆ ಹೊಟ್ಟೆಕಿಚ್ಚು.”

ಅಂದಿನಿಂದ ಊಟ ಬಡಿಸಿದೆ, ಮಾತು ಬಡಿಸಲಿಲ್ಲ.

ಒಂದು ಸಂಜೆ ಅಣ್ಣನ ಮನೆಗೆ ಹೋದೆ. ಸೆಟ್ಟಿನ ಮುಂದೆ ಕೂತಿದ್ದ. ಹಾಜರಿಯ ಒಂದೊಂದು ದನಿಯೂ ಅವನಿಗೆ ಕೇಳುತ್ತಿತ್ತು. ನಡುವೆ ಬಿಡುವು ಸಿಕ್ಕಾಗ ಬಟನ್ ಒತ್ತಿ ‘ಹಾಜರ್’ ಎಂದ. ಅದು ಯಾರಿಗೂ ತಲುಪಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಂದ. ದಿನಾ ಹೀಗೇ, ಊಟಕ್ಕೂ ಏಳಲ್ಲ ಎಂದು ಅತ್ತಿಗೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು.

ರಿಪೀಟರಿಗೆ ಆ ಗುಂಯ್ ದನಿಯ ಬೀಗ ಹಾಕಿದ್ದಕ್ಕೆ ಗೊರ್ರ್ ತಾನಾಗಿ ಬರುವುದು ನಿಂತಿತೇ ಹೊರತು, ದೂರದವರ ಮಾತು ಕ್ಷೀಣವಾಗಿ ಬರುವಾಗ ಅವರ ದನಿಯ ಮೇಲೆ ಕೂತು ಸವಾರಿ ಮಾಡುತ್ತಲೇ ಇತ್ತು. ನೋಡು, ಹಟಕ್ಕೆ ಬಿದ್ದಿದ್ದಾನೆ ಎಂದು ಇವರು ಹಲ್ಲು ಕಡಿಯುತ್ತಿದ್ದರು. ಹೀಗಿರುವಾಗ ಒಂದು ದಿನ ಹಾಜರಿಯ ನಡುವೆ ಗೊರ್ರ್ ತಟ್ಟನೆ ನಿಂತಿತು. ಅಷ್ಟರಲ್ಲಿ ನನ್ನ ಫೋನಿಗೆ ಅತ್ತಿಗೆ. ಅವರ ಬೀದಿಯಲ್ಲಿ ಕರೆಂಟು ಹೋಗಿದೆಯಂತೆ, ಮೇಣದಬತ್ತಿ ಹುಡುಕುತ್ತಿದ್ದಾರಂತೆ. ಅಣ್ಣನಿಗೆ ಕತ್ತಲೆ ಬೆಳಕು ಎಲ್ಲ ಒಂದೇ, ರೇಡಿಯೊ ಕೇಳುತ್ತಾ ಕೂತಿದ್ದಾನಂತೆ.

ಕರೆಂಟು ಹೋದ ಸುದ್ದಿ ಹೇಳಿದ್ದೇ ತಡ, ಇವರು ತೊಡೆ ತಟ್ಟಿದರು. ಕರೆಂಟು ಹೋಯಿತು, ಅವನ ಸೆಟ್ಟು ಸತ್ತಿತು, ಗಲಾಟೆ ನಿಂತಿತು, ಇನ್ನೇನು ಸಾಕ್ಷಿ ಬೇಕು ಎಂದರು.

ಅಷ್ಟು ದಿನದ ಮೌನ ಅಲ್ಲಿಗೆ ಮುರಿಯಿತು. “ರೀ, ಅಣ್ಣನ ಸೆಟ್ಟಿಗೆ ಬ್ಯಾಟರಿ ಹಾಕಿದ್ದು ಯಾರು? ಅದು ಈಗಲೂ ನಡೀತಿದೆ. ಕರೆಂಟಿನ ಜೊತೆ ಸತ್ತಿದ್ದು ಏನು ಅಂತ ಯೋಚನೆ ಮಾಡಿ.”

ತೊಡೆ ತಟ್ಟಿದ ಕೈ ಹಳೇ ಸಾಮಾನಿನ ಪೆಟ್ಟಿಗೆಯನ್ನು ತಡಕತೊಡಗಿತು.

ಮರುದಿನ ಅಣ್ಣನ ಮನೆಗೆ ನಾನೂ ಹೋದೆ, ಬಿಡುತ್ತೇನೆಯೇ? ಇವರು ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತರು, ತಮ್ಮ ಕೈಯಲ್ಲಿದ್ದ ಸಣ್ಣ ಸೆಟ್ಟಿನಲ್ಲಿ ಗೊರ್ರ್ ನಿಂತಿತು. ಸಿಕ್ಕಿಸಿದರು, ಗೊರ್ರ್. ಬ್ಯಾಟರಿ ಇಳಿದಾಗಲೆಲ್ಲ ಅದು ಚುರುಕಾಗಿ ಚಾರ್ಜ್ ಮಾಡುತ್ತಿತ್ತು, ಜೊತೆಗೆ ಆ ಗೊರ್ರ್ ಅನ್ನು ಗಾಳಿಗೆ ಉಗುಳುತ್ತಿತ್ತು. ಅಣ್ಣ ಸಂಜೆ ರೇಡಿಯೊ ಹಾಕಿದರೆ ಬ್ಯಾಟರಿ ಇಳಿಯುತ್ತಿತ್ತು. ಇವರೇ ಕೊಟ್ಟ ಉಡುಗೊರೆ. ಗಲಾಟೆ ಎಬ್ಬಿಸದ, ಹಳೇ ಕಾಲದ ಭಾರದ ಚಾರ್ಜರೊಂದನ್ನು ಮನೆಯಿಂದ ತಂದಿದ್ದರು, ಅದನ್ನು ಕೂರಿಸಿದರು. ಡ್ರಾಯರಿನಲ್ಲಿ ಬಿದ್ದಿದ್ದ ಆ ಗುಂಯ್ ಬೋರ್ಡನ್ನೂ ಸೆಟ್ಟಿಗೆ ಸೇರಿಸಿದರು. ಸ್ಕ್ರೂಡ್ರೈವರ್ ಚೀಲಕ್ಕೆ ಹಾಕುತ್ತಾ, ಚಾರ್ಜರ್ ಕೆಟ್ಟಿತ್ತು ಭಾವ, ಬದಲಾಯಿಸಿದೀನಿ, ತಪ್ಪು ತಿಳೀಬೇಡಿ ಎಂದರು. ಪಾಪವೆಲ್ಲ ಚಾರ್ಜರಿನದು!

ಅಣ್ಣ ಮುಖ ಈ ಕಡೆ ತಿರುಗಿಸಲೂ ಇಲ್ಲ. “ಬೈಯೋವಾಗ ಊರಿಗೆಲ್ಲ ಕೇಳಿಸ್ತು ಭಾವ. ಈಗ ನನ್ನ ಕಿವಿಗೆ ಮಾತ್ರ ಹೇಳ್ತಿದೀರಾ?”

ಆ ಸಂಜೆ ಇವರು ಏನೂ ಆಗಿಲ್ಲವೆಂಬಂತೆ ಗಂಟಲು ಸರಿಮಾಡಿಕೊಂಡು ಹಾಜರಿ ಕರೆಯಲು ಮೈಕ್ ಎತ್ತಿದರು. ನಾನು ಆ ಕೈಯನ್ನೇ ಹಿಡಿದೆ. “ನೀವು ಹೇಳ್ತೀರೋ, ನಾನು ಹೇಳಲೋ? ನನಗೆ ಲೈಸೆನ್ಸ್ ಇಲ್ಲ. ಬೇಕಾದರೆ ಆಮೇಲೆ ಹೆಂಡತಿ ಮೇಲೆ ದೂರು ಕೊಡಿ.”

ಇವರು ನನ್ನ ಮುಖ ನೋಡಿದರು. ನಾನು ಮಾಡಿಯೇ ತೀರುತ್ತೇನೆಂದು ಇವರಿಗೆ ಗೊತ್ತು. ಬಟನ್ ಒತ್ತಿದರು.

“ಗಲಾಟೆ ಮಾಡಿದ್ದು ನಮ್ಮ ಭಾವ ಅಲ್ಲ. ನಾನೇ ಕೊಟ್ಟ ಚಾರ್ಜರ್. ವಿಚಾರಿಸದೆ ಅವರ ಮೇಲೆ ಹೊರಿಸಿದೆ. ತಪ್ಪು ನನ್ನದು.”

ಆಮೇಲೆ ಅಣ್ಣನ ದನಿ ಗಂಟೆ ಹೊಡೆದ ಹಾಗೆ ಸ್ವಚ್ಛವಾಗಿ ಬಂತು. “ಇನ್ನೊಂದು ಸಲ ಹೇಳಿ.”

ಇವರ ಕಿವಿ ಕೆಂಪಾಯಿತು. ಕಟ್ಟಳೆ ಇವರದ್ದೇ. ಒಂದಕ್ಷರ ಬಿಡದೆ ಮತ್ತೆ ಹೇಳಿದರು.

“ದೂರದವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಇನ್ನೊಂದು ಸಲ.”

ಮತ್ತೆ ಹೇಳಿದರು. ಆಗ ಅಣ್ಣ ‘ಹಾಜರ್’ ಎಂದ. ಹರಟೆ ಎಂದಿನಂತೆ ಬಿಸಿಲಿನ ಮೇಲೆ, ಮೊಣಕಾಲು ನೋವಿನ ಮೇಲೆ ಹರಿಯಿತು.

ಎಲ್ಲ ಮುಗಿದು ಇವರು ಮೈಕನ್ನು ಕೊಕ್ಕೆಗೆ ಹಾಕಿ ಊಟಕ್ಕೆ ಬಂದು ಕೂತರು. ನಾನು ತಟ್ಟೆ ಇಡದೆ ಎದುರಿಗೆ ನಿಂತೆ.

“ನನಗೆ ಸರಿಯಾಗಿ ಕೇಳಿಸಲಿಲ್ಲ ರೀ. ಇನ್ನೊಂದು ಸಲ ಹೇಳಿ.”

ಕಿವಿ ಕೆಪ್ಪೇ ಎನ್ನುವುದು ಇವರ ತುಟಿಯವರೆಗೂ ಬಂದದ್ದು ನನಗೆ ಕಂಡಿತು. ನುಂಗಿಕೊಂಡರು. ತಲೆ ತಗ್ಗಿಸಿ ಮೊದಲಿನಿಂದ ಹೇಳಿದರು. ನನ್ನ ತವರಿನವರ ಬುದ್ಧಿಯ ಬಗ್ಗೆ ಆಡಿದ ಮಾತನ್ನು ನಾನು ನೆನಪಿಸಬೇಕಾಗಲಿಲ್ಲ, ಅದನ್ನೂ ತಾವೇ ಸೇರಿಸಿಕೊಂಡು ಹೇಳಿದರು. ಆಮೇಲೆ ತಟ್ಟೆ ಇಟ್ಟೆ.