ಚಿಕ್ಕಪ್ಪನ ಕನ್ನಡದಲ್ಲಿ ಇಂಗ್ಲಿಷ್ ದೆವ್ವಗಳು

ಮೊನ್ನೆ ಕಡೂರಿನ ರಿಪೇರಿ ಅಂಗಡಿಯಲ್ಲಿ ಮಿಕ್ಸಿ ಬಿಚ್ಚಿಸಿಕೊಂಡು ನಿಂತಿದ್ದಾಗ, ಬಿಸಿಯಾದ ಪ್ಲಾಸ್ಟಿಕ್ಕು, ಸುಟ್ಟ ಧೂಳು ಎರಡೂ ಸೇರಿದ ವಾಸನೆಯೊಂದು ಮೂಗಿಗೆ ಬಡಿಯಿತು. ಅಂಗಡಿಯವನು ಮುಖ ಸಿಂಡರಿಸಿದ. ನಾನು ಮಾತ್ರ ಇನ್ನೊಂದು ಸಲ ಉಸಿರೆಳೆದುಕೊಂಡೆ. ಅದು ಅಜ್ಜಂಪುರದ ನಮ್ಮ ಹಳೆಯ ಮನೆಯ ಭಾನುವಾರದ ಮಧ್ಯಾಹ್ನಗಳ ವಾಸನೆ. ನಡುಮನೆಯ ಮೂಲೆಯಲ್ಲಿ ಹರಡಿದ ಈರುಳ್ಳಿ, ಬೆಳಕು ಬಾರದಂತೆ ಕಿಟಕಿಗೆ ಕಟ್ಟಿದ ಕಂಬಳಿ, ಟಿವಿಯ ಕೆಳಗೆ ಕಾದು ಕೂತ ಬಾಡಿಗೆಯ ವಿಸಿಆರ್.

ಆ ವಿಸಿಆರನ್ನು ತರೀಕೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದವನು ಚಿಕ್ಕಪ್ಪ. ಜೊತೆಗೆ, ಒಂದೇ ಸಿನಿಮಾದೊಳಗೆ ನಾಲ್ಕೈದು ಪುಟ್ಟ ದೆವ್ವದ ಕಥೆಗಳಿರುವ ಇಂಗ್ಲಿಷ್ ಕ್ಯಾಸೆಟ್ಟು. ಯಾವನೋ ಮುದುಕ ಕುರ್ಚಿಯಲ್ಲಿ ಕೂತು ಒಂದೊಂದೇ ಕಥೆ ಶುರುಮಾಡುವಂಥವು. ಈ ಏರ್ಪಾಡು ಅಜ್ಜಿಗೆ ಬಲು ಇಷ್ಟ. ಒಂದು ದೆವ್ವ ಹೋಗಿ ಇನ್ನೊಂದು ಬರುವಷ್ಟರಲ್ಲಿ ಒಲೆ ನೋಡಿಕೊಂಡು ಬರಬಹುದಿತ್ತು. ನಮಗ್ಯಾರಿಗೂ ಇಂಗ್ಲಿಷ್ ಬಾರದು. ಚಿಕ್ಕಪ್ಪ ಟಿವಿಯ ಪಕ್ಕ ನಿಂತು ಕನ್ನಡದಲ್ಲಿ ಹೇಳುತ್ತಿದ್ದ. ಪಿಯುಸಿಯಲ್ಲಿ ಅವನು ಡುಮ್ಕಿ ಹೊಡೆದದ್ದು ಇಂಗ್ಲಿಷಿಗೇ ಎಂಬುದು ಮನೆಗೆಲ್ಲ ಗೊತ್ತಿದ್ದರೂ ಅವನು ಹೇಳಿದ್ದೇ ನಮಗೆ ಕಥೆ. ಕೋಟು ಹಾಕಿದ ದೊರೆ ಲಿಂಗದಹಳ್ಳಿಯ ಸಾಹುಕಾರನಾಗುತ್ತಿದ್ದ, ಪಾಳು ಬಂಗಲೆ ಹಿರೇನಲ್ಲೂರಿನ ಆಚೆಗೆಲ್ಲೋ ಇರುತ್ತಿತ್ತು. ಹೆದರಿಕೆಯೂ ನಗುವೂ ಒಟ್ಟಿಗೇ ಬಂದು ನಾವು ಅಜ್ಜಿಯ ಸೆರಗಿಗೆ ಜೋತುಬೀಳುತ್ತಿದ್ದೆವು.

ದೊಡ್ಡಮ್ಮ ಮಾತ್ರ ಬರುತ್ತಿರಲಿಲ್ಲ. ಅವಳ ಒಬ್ಬಳೇ ಮಗಳು ಪದ್ಮ, ನನ್ನ ಓರಗೆಯವಳು, ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ದೊಡ್ಡಮ್ಮ ನಾವು ಕೂತ ಕಡೆ ಕೂರುತ್ತಿರಲಿಲ್ಲ, ನನ್ನ ಮುಖವನ್ನಂತೂ ನೇರವಾಗಿ ನೋಡುತ್ತಲೇ ಇರಲಿಲ್ಲ. ಪದ್ಮನ ಜೊತೆ ದೊಡ್ಡಮ್ಮನೂ ನಮ್ಮ ಕೈತಪ್ಪಿ ಹೋದಳೇನೋ ಎಂದು ನನಗೆ ಅಳು ಬರುತ್ತಿತ್ತು. ಹಾಗಿರುವಾಗ ಒಂದು ಭಾನುವಾರ, ಯಾರೂ ಕರೆಯದೆಯೇ, ಅವರೆಕಾಯಿ ತುಂಬಿದ ಮೊರ ಹಿಡಿದುಕೊಂಡು ಬಂದು ಬಾಗಿಲ ಬಳಿ ಕೂತಳು. ಸುಮ್ಮನಿರಿ ಎಂದು ಅಜ್ಜಿ ಎಲ್ಲರಿಗೂ ಕಣ್ಣಲ್ಲೇ ಹೇಳಿದಳು.

ನಮ್ಮ ಗ್ರಹಚಾರಕ್ಕೆ ಆವತ್ತಿನ ಮೂರನೆಯ ಕಥೆ ಸತ್ತ ಮಗುವಿನದು. ಬಿಳಿ ಫ್ರಾಕಿನ ಹುಡುಗಿಯೊಬ್ಬಳು ಗೋರಿಯಿಂದ ಎದ್ದು ಬಂದು ತನ್ನ ಮನೆಯ ಕಿಟಕಿ ತಟ್ಟುತ್ತಾಳೆ. ಚಿಕ್ಕಪ್ಪ ಒಂದು ಗಳಿಗೆ ತಡವರಿಸಿದ. ಆಮೇಲೆ ಸಾವರಿಸಿಕೊಂಡು, ಈ ಹುಡುಗಿ ಯಗಟಿಗೆ ಅಜ್ಜಿಮನೆಗೆ ಹೋಗಿತ್ತು, ಬಸ್ಸು ತಪ್ಪಿ ನಡೆದೇ ಬಂದಿದೆ, ಅದಕ್ಕೇ ಮುಖವೆಲ್ಲ ಧೂಳು ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ತೊಡೆ ಚಿವುಟಿದಳು. ತೆರೆಯ ಮೇಲೆ ಆ ಮಗುವಿನ ತಾಯಿ ಕಿಟಾರನೆ ಕಿರುಚಿ ಕಿಟಕಿ ಮುಚ್ಚಿಬಿಟ್ಟಳು. ಖುಷಿಗೆ ಕೂಗಿಕೊಂಡಳು ಎಂದು ಹೇಳಹೊರಟ ಚಿಕ್ಕಪ್ಪ ಅರ್ಧಕ್ಕೇ ಬಿಟ್ಟು ವಿಸಿಆರ್ ಆರಿಸಲು ಬಗ್ಗಿದ.

“ಆರಿಸ್ಬೇಡ ಕಣಪ್ಪ,” ಎಂದಳು ದೊಡ್ಡಮ್ಮ. ಅವರೆಕಾಯಿ ಬಿಡಿಸುತ್ತಿದ್ದ ಅವಳ ಕೈ ನಿಂತಿತ್ತು. “ಅದು ದೆವ್ವ ಅಂತ ನಂಗೆ ಕಾಣಲ್ವ? ದೆವ್ವ ಆದ್ರೇನು, ಮಗು ಮನೆಗ್ ಬಂದೈತಲ್ಲ. ಅವ್ಳು ಬಾಗ್ಲು ತೆಗೀಬೇಕಿತ್ತು.”

ಉಳಿದ ಕಥೆಗಳನ್ನು ಚಿಕ್ಕಪ್ಪ ತನಗೆ ತಿಳಿದಂತೆ ಹೇಳಿ ಮುಗಿಸಿದ. ದೊಡ್ಡಮ್ಮ ಕೊನೆಯವರೆಗೂ ಕೂತಿದ್ದಳು. ಆಮೇಲೆ ಮೊರ ಪಕ್ಕಕ್ಕಿಟ್ಟು ನನ್ನನ್ನು ಹತ್ತಿರ ಕರೆದು, ಪದ್ಮ ಹೋದಮೇಲೆ ಮೊದಲ ಸಲ, ನನ್ನ ಜಡೆ ಬಿಚ್ಚಿ ಹೊಸದಾಗಿ ಹೆಣೆದಳು. ದೊಡ್ಡಮ್ಮ ನಮಗೆ ವಾಪಸ್ ಸಿಕ್ಕಳಲ್ಲ ಎಂಬ ಸಂತೋಷಕ್ಕೆ ನಾನು ಅಲ್ಲಾಡದೆ ಕೂತಿದ್ದೆ.

ಈಗ ಆ ಮನೆ ಇದ್ದ ಜಾಗದಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ. ಅಜ್ಜಿ ಹೋದಳು, ದೊಡ್ಡಮ್ಮ ಹೋದಳು, ಹೋದ ವರ್ಷ ಚಿಕ್ಕಪ್ಪನೂ ಹೋದ. ನಿಮ್ಮ ಮನೆಯಲ್ಲೂ ಹೀಗೆ ಹೋದವರಿದ್ದಾರೆ, ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಸಿನಿಮಾಗಳು ಇವತ್ತು ಫೋನಿನಲ್ಲೇ ಸಿಗುತ್ತವೆ, ಒಮ್ಮೊಮ್ಮೆ ಒಬ್ಬಳೇ ಕೂತು ನೋಡುತ್ತೇನೆ. ಕಿಟಕಿಯಾಚೆ ಬೆಳ್ಳಗಿನ ಮುಖವೊಂದು ಬಂದು ನಿಂತರೆ ನನಗೆ ಹೆದರಿಕೆಯಾಗುವುದಿಲ್ಲ. ಒಳಗಿದ್ದುಕೊಂಡು ಕಿರುಚುವವರ ಮೇಲೆ ಸಿಟ್ಟು ಬರುತ್ತದೆ.